ಅಟ್ಟದ ಮೇಲಿನ ಎರಡು ಹಲಗೆ

ಹಲಗೆ ಎಂಬ ಮಾತಿಗೆ ಕನ್ನಡದಲ್ಲಿ ಕೈತುಂಬ ಕೆಲಸ. ಶಾಲೆಯ ಗೋಡೆಗೆ ಕಪ್ಪುಹಲಗೆ, ಮಗುವಿನ ಕೈಗೆ ಹಲಗೆ-ಬಳಪ, ಅಂಗಡಿಯ ನೆತ್ತಿಗೆ ಹೆಸರಿನ ಹಲಗೆ, ಉತ್ತರ ಕರ್ನಾಟಕದ ಹೋಳಿಹುಣ್ಣಿಮೆಗೆ ಬಾರಿಸುವ ಹಲಗೆ. ಇವೆಲ್ಲ ಒಣ ಹಲಗೆಗಳು. ಒದ್ದೆ ಹಲಗೆಗಳ ಕುಲವೇ ಬೇರೆ. ಉತ್ತ ಗದ್ದೆಯನ್ನು ಸಮಮಾಡಲು ಎತ್ತೋ ಕೋಣವೋ ಎಳೆಯುವ ಹಲಗೆ, ಕಂಬಳದ ಕರೆಯಲ್ಲಿ ನೀರು ಚಿಮ್ಮಿಸುತ್ತ ಓಡುವ ಹಲಗೆ, ಮೂಲ್ಕಿಯ ಕಡಲ ತೆರೆಯ ಮೇಲೆ ಹುಡುಗ ಹುಡುಗಿಯರು ನಿಂತು ಬರುವ ಸರ್ಫಿಂಗ್ ಹಲಗೆ, ಮೋಟಾರು ದೋಣಿಯ ಹಿಂದೆ ಹಗ್ಗ ಹಿಡಿದು ನಿಲ್ಲುವ ವೇಕ್‌ಸ್ಕೇಟ್ ಹಲಗೆ. ಇವುಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಏಳು ಸಮುದ್ರದ ಅಂತರವಿದೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಯಲಹಂಕ ಹಳೇ ಊರಿನ ಒಂದು ಮನೆಯಲ್ಲಿ ಇವೆರಡೂ ಒಂದೇ ಅಟ್ಟದ ಮೇಲೆ, ಒಂದರ ಮೇಲೊಂದು ಮಲಗಿದ್ದವು.

ಕೆಳಗಿನದು ಅಜ್ಜನದು. ಮೂಡುಬಿದಿರೆಯ ಕಡೆಯಿಂದ 1970ರ ದಶಕದಲ್ಲಿ ಯಶವಂತಪುರದ ಹೋಟೆಲೊಂದಕ್ಕೆ ಕೆಲಸಕ್ಕೆ ಬಂದು, ಆಮೇಲೆ ಯಲಹಂಕದಲ್ಲಿ ಸ್ವಂತದ ಸಣ್ಣ ಹೋಟೆಲು ನಡೆಸಿ, ಈಗ ಮಗನಿಗೆ ಗಲ್ಲಾಪೆಟ್ಟಿಗೆ ಒಪ್ಪಿಸಿ ಕುಳಿತವರು ಅವರು. ಊರಿನ ಗದ್ದೆಯ ಒಂದು ಪಾಲು ಅಡಿಕೆ ತೋಟವಾದ ವರ್ಷ, ಒಲೆಗೆ ಹೋಗಲಿದ್ದ ಹಲಸಿನ ಮರದ ಹಲಗೆಯನ್ನು ಬಸ್ಸಿನ ತಲೆಯ ಮೇಲೆ ಹಾಕಿಸಿಕೊಂಡು ತಂದಿದ್ದರು. ಮೇಲಿನದು ಮೊಮ್ಮಗನದು. ಜರ್ಮನಿಯಲ್ಲಿ ಎರಡು ವರ್ಷ ಓದಿ 2023ರಲ್ಲಿ ಮರಳಿದ ಹುಡುಗ, ಪುಸ್ತಕಗಳನ್ನು ಅಲ್ಲಿಯೇ ಯಾರಿಗೋ ಕೊಟ್ಟು, ಆ ತೂಕಕ್ಕೆ ಬದಲಾಗಿ ಈ ಹಲಗೆಯನ್ನು ವಿಮಾನಕ್ಕೆ ಹಾಕಿಸಿಕೊಂಡು ಬಂದಿದ್ದ. ಮನೆಯ ಸೊಸೆಗೆ ಎರಡೂ ಒಂದೇ. ಒರೆಸಿದಷ್ಟೂ ಧೂಳು.

ವೇಕ್‌ಸ್ಕೇಟ್ ಎಂದರೆ ಏನೆಂದು ಹೇಳಿಬಿಡಬೇಕು. ದೋಣಿ ಓಡುವಾಗ ಹಿಂದೆ ಏಳುವ ಅಲೆಯ ಜಾಡಿಗೆ ಇಂಗ್ಲಿಷಿನಲ್ಲಿ ವೇಕ್ ಎಂದು ಹೆಸರು. ಆ ಜಾಡಿನಲ್ಲಿ ಹಗ್ಗ ಹಿಡಿದು ಜಾರುವ ಆಟಕ್ಕೆ ನೂರು ವರ್ಷ ದಾಟಿದೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಲೇಕ್ ಪೆಪಿನ್ ಸರೋವರದಲ್ಲಿ 1922ರ ಬೇಸಗೆಯಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ಹದಿಹರೆಯದ ಹುಡುಗ ಇದನ್ನು ಮೊದಲು ಸಾಧಿಸಿದ. ಪೀಪಾಯಿಯ ಪಟ್ಟಿಗಳನ್ನು ಕಾಲಿಗೆ ಕಟ್ಟಿ ನೋಡಿದ, ಮುಳುಗಿದ. ಹಿಮದ ಮೇಲೆ ಜಾರುವ ಸ್ಕೀಗಳನ್ನು ಕಟ್ಟಿ ನೋಡಿದ, ಮತ್ತೆ ಮುಳುಗಿದ. ಕೊನೆಗೆ ಎಂಟು ಅಡಿ ಉದ್ದ, ಒಂಬತ್ತು ಅಂಗುಲ ಅಗಲದ ಎರಡು ಪೈನ್ ಹಲಗೆ ಕೊಂಡು, ತಾಯಿಯ ಹಂಡೆಯಲ್ಲಿ ಅವುಗಳ ತುದಿಯನ್ನು ಬೇಯಿಸಿ ಮೇಲಕ್ಕೆ ಬಾಗಿಸಿದ. ಅಣ್ಣ ದೋಣಿ ಓಡಿಸಿದ. ಆಗಲೂ ಹಲವು ಸಲ ಬಿದ್ದ. ಹಿಂದಕ್ಕೆ ವಾಲಿ, ಹಲಗೆಯ ಮೂತಿಯನ್ನು ನೀರಿನಿಂದ ಮೇಲೆ ಹಿಡಿದರೆ ಮಾತ್ರ ನಿಲ್ಲಬಹುದೆಂಬ ಗುಟ್ಟು ಜುಲೈ 2ರಂದು, ಅವನ ಹತ್ತೊಂಬತ್ತನೆಯ ಹುಟ್ಟುಹಬ್ಬದ ಹಿಂದಿನ ದಿನ, ಕೈವಶವಾಯಿತು.

ಆಮೇಲಿನ ಕಥೆ ಬೇಗ ಮುಗಿಯುತ್ತದೆ. ಎರಡು ಹಲಗೆ ಒಂದಾಯಿತು. 1985ರಲ್ಲಿ ಕ್ಯಾಲಿಫೋರ್ನಿಯಾದ ಟೋನಿ ಫಿನ್ ದೋಣಿಯ ಹಿಂದೆ ಎಳೆಯಲೆಂದೇ ಸರ್ಫಿಂಗ್ ಹಲಗೆಯ ಸಣ್ಣ ರೂಪವನ್ನು ಮಾಡಿದ. 1990ರಲ್ಲಿ ಹರ್ಬ್ ಓಬ್ರಿಯನ್ ಅದನ್ನು ತೆಳ್ಳಗೆ ಮಾಡಿ, ಹೆಚ್ಚು ತೇಲದಂತೆ ಹೆಚ್ಚು ಮುಳುಗದಂತೆ ಹದಕ್ಕೆ ತಂದ. ಇದು ವೇಕ್‌ಬೋರ್ಡ್. ಇದರಲ್ಲಿ ಪಾದಗಳಿಗೆ ಬೂಟಿನಂಥ ಬಿಗಿ ಕಟ್ಟು ಇರುತ್ತದೆ. ಅದೇ ದಶಕದಲ್ಲಿ ಕೆಲವರು ಆ ಕಟ್ಟನ್ನು ಕಿತ್ತೆಸೆದು, ರಸ್ತೆಯ ಸ್ಕೇಟ್‌ಬೋರ್ಡಿನ ಮೇಲೆ ನಿಲ್ಲುವಂತೆ ಬರಿದೇ ನಿಂತರು. ಅದು ವೇಕ್‌ಸ್ಕೇಟ್. ಪಾದಕ್ಕೂ ಹಲಗೆಗೂ ನಡುವೆ ಘರ್ಷಣೆಯ ಹೊರತು ಬೇರೆ ನೆಂಟಸ್ತಿಕೆ ಇಲ್ಲ. ಹಾರಿದಾಗ ಹಲಗೆ ಜೊತೆಗೆ ಬಂದರೆ ಪುಣ್ಯ, ಬಾರದಿದ್ದರೆ ನೀರು.

ಮೊಮ್ಮಗ ಕಲಿತದ್ದು ದೋಣಿಯ ಹಿಂದೆ ಅಲ್ಲ. ಜರ್ಮನಿಯಲ್ಲಿ ಸಣ್ಣಪುಟ್ಟ ಕೆರೆಗಳ ಮೇಲೆ ಕಂಬ ನೆಟ್ಟು, ಅವುಗಳ ತುದಿಯಲ್ಲಿ ಉಕ್ಕಿನ ಹಗ್ಗವನ್ನು ಸುತ್ತಿಸುವ ಏರ್ಪಾಡು ಹಲವು ಕಡೆ ಇದೆ. ಬ್ರೂನೊ ರಿಕ್ಸನ್ ಎಂಬ ಅಲ್ಲಿನ ಎಂಜಿನಿಯರ್ 1960ರ ಆಸುಪಾಸಿನಲ್ಲಿ ಹುಟ್ಟುಹಾಕಿದ ಯಂತ್ರ ಅದು. ಹಗ್ಗ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುತ್ತದೆ. ಸರದಿಯಲ್ಲಿ ನಿಂತವರು ಒಬ್ಬೊಬ್ಬರಾಗಿ ಹಿಡಿ ಹಿಡಿದು ಹೊರಡುತ್ತಾರೆ. ದೋಣಿ ಬೇಡ, ಪೆಟ್ರೋಲು ಬೇಡ, ದೊಡ್ಡ ಸರೋವರವೂ ಬೇಡ. ಬೀಳಲು ಯೋಗ್ಯವಾದ ನೀರು ಇದ್ದರೆ ಸಾಕು. ಆ ಕೊನೆಯ ಮಾತಿನ ಬೆಲೆ ಅವನಿಗೆ ಅಲ್ಲಿ ತಿಳಿದಿರಲಿಲ್ಲ.

ಹಲಗೆಗಳ ವಿಷಯದಲ್ಲಿ ಅವನದು ದೊಡ್ಡ ಪುರಾಣ. ಸಂಜೆ ಕಾಫಿಯ ಹೊತ್ತಿಗೆ ಅಜ್ಜನನ್ನು ಕೂರಿಸಿಕೊಂಡು ಶುರು ಮಾಡುತ್ತಿದ್ದ. ಒಂದು ಜಾತಿ ಮೇಪಲ್ ಮರದ ತೆಳು ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಒತ್ತಿದ್ದು. ಇದು ನೀರಿನಲ್ಲಿ ತುಸು ತಗ್ಗಿ ಕೂರುತ್ತದೆ, ಒತ್ತಿದರೆ ಬಾಗಿ ಪುಟಿಯುತ್ತದೆ, ಪಾದದ ಕೆಳಗೆ ನೀರು ಏನು ಹೇಳುತ್ತಿದೆ ಎಂಬುದು ಚೆನ್ನಾಗಿ ಕೇಳಿಸುತ್ತದೆ. ಬೆಲೆಯೂ ಕಡಿಮೆ. ಆದರೆ ಅಂಚು ಒಡೆದ ದಿನದಿಂದ ನೀರು ಕುಡಿಯತೊಡಗುತ್ತದೆ. ಕುಡಿದದ್ದು ಭಾರವಾಗುತ್ತದೆ, ಪದರ ಬಿಡುತ್ತದೆ. ಎರಡನೆಯ ಜಾತಿಯ ಹೊಟ್ಟೆಯಲ್ಲಿ ಗಟ್ಟಿ ನೊರೆ, ಮೈಮೇಲೆ ಗಾಜಿನ ನಾರು ಮತ್ತು ರಾಳ. ಇದು ಹಗುರ, ಎತ್ತರಕ್ಕೆ ತೇಲುತ್ತದೆ, ವರ್ಷಗಟ್ಟಲೆ ಆಕಾರ ಕೆಡುವುದಿಲ್ಲ. ಆದರೆ ಮರದ ಆ ಪುಟಿತ ಇಲ್ಲ ಎಂದು ಹಳಬರು ಮೂಗು ಮುರಿಯುತ್ತಾರೆ. ಮೂರನೆಯದು ಎರಡಂತಸ್ತಿನದು. ಕೆಳಗೊಂದು ಹಲಗೆ ನೀರನ್ನು ನೋಡಿಕೊಳ್ಳುತ್ತದೆ, ಅದರ ಮೇಲೆ ತುಸು ಅಂತರ ಬಿಟ್ಟು ಕಟ್ಟಿದ ಕಿರಿದಾದ ಇನ್ನೊಂದು ಹಲಗೆ ಕಾಲನ್ನು ನೋಡಿಕೊಳ್ಳುತ್ತದೆ. ನಡುವೆ ನೀರು ಹರಿದುಹೋಗುತ್ತದೆ. ಮೇಲಿನ ಹಲಗೆಯ ತುದಿ ನೀರಿನಿಂದ ಎತ್ತರದಲ್ಲಿರುವ ಕಾರಣ, ಅದನ್ನು ಒದ್ದು ಗಾಳಿಯಲ್ಲಿ ತಿರುಗಿಸುವುದು ಸುಲಭ. ಆದರೆ ಪಾದ ನೀರಿನಿಂದ ಮೇಲೆ ಹೋದಷ್ಟೂ ತೂಗಾಟ ಹೆಚ್ಚು.

ಬಾಗು ಇನ್ನೊಂದು ಅಧ್ಯಾಯ. ಹಲಗೆಯನ್ನು ಪಕ್ಕದಿಂದ ನೋಡಿದರೆ ಬಾಳೆಹಣ್ಣಿನಂತೆ ಎರಡು ತುದಿಯೂ ಮೇಲಕ್ಕೆದ್ದಿರುತ್ತವೆ. ಕೆಲವದರಲ್ಲಿ ಈ ಬಾಗು ತುದಿಯಿಂದ ತುದಿಗೆ ಒಂದೇ ಸಮ. ಇಂಥದು ಮೆತ್ತಗೆ ತಿರುಗುತ್ತದೆ, ಮೋಸ ಮಾಡುವುದಿಲ್ಲ. ಕೆಲವದರಲ್ಲಿ ನಡುವೆ ಚಪ್ಪಟೆ, ತುದಿಗಳಲ್ಲಿ ಮಾತ್ರ ತಟ್ಟನೆ ಏರು. ಇದು ವೇಗವಾಗಿ ಓಡುತ್ತದೆ, ಅಲೆಯ ನೆತ್ತಿಯಲ್ಲಿ ಫಕ್ಕನೆ ಎತ್ತಿ ಎಸೆಯುತ್ತದೆ. ಅಡಿಯಲ್ಲಿ ಸಣ್ಣ ರೆಕ್ಕೆಗಳಿದ್ದರೆ ನೇರ ಓಡುತ್ತದೆ, ಬಿಚ್ಚಿದರೆ ಬುಗುರಿಯಂತೆ ಸುತ್ತಲು ಸಿದ್ಧ. ಉದ್ದದ ಹಲಗೆ ಕಡಿಮೆ ವೇಗಕ್ಕೇ ನೀರಿನ ಮೇಲೇಳುತ್ತದೆ, ಗಿಡ್ಡದು ಚುರುಕು, ಆದರೆ ವೇಗ ಕೇಳುತ್ತದೆ. ಮೇಲ್ಮೈಗೆ ಉಪ್ಪುಕಾಗದದಂಥ ಪಟ್ಟಿ ಅಂಟಿಸಿದ್ದರೆ ಬೂಟು ಹಾಕಿಯೇ ನಿಲ್ಲಬೇಕು, ಇಲ್ಲವಾದರೆ ಅಂಗಾಲಿನ ಚರ್ಮ ಉಳಿಯದು. ಮೆತ್ತನೆಯ ನೊರೆಹಾಳೆ ಇದ್ದರೆ ಬರಿಗಾಲು ಸಾಕು. ಮೊಮ್ಮಗನದು ಮೇಪಲ್ಲಿನದು, ಒಂದೇ ಸಮನೆಯ ಬಾಗಿನದು, ಒಂದು ಮೀಟರಿಗೆ ಸ್ವಲ್ಪ ಮೇಲೆ ಉದ್ದ, ಎರಡು ಸಣ್ಣ ರೆಕ್ಕೆ, ಬರಿಗಾಲಿನದು.

ಅಜ್ಜ ಎಲ್ಲವನ್ನೂ ಕೇಳಿ, ಲೋಟ ಕೆಳಗಿಟ್ಟು, "ನಿನ್ನ ಹಲಗೆಗೆ ತೂತು ಎಲ್ಲಿ?" ಎಂದು ಕೇಳಿದರು.

ಕಂಬಳ ನೋಡಿದವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ. ಕಂಬಳದಲ್ಲಿ ಕೋಣಗಳ ಓಟ ಒಂದೇ ಬಗೆಯದಲ್ಲ. ಹಗ್ಗದ ವಿಭಾಗದಲ್ಲಿ ನೊಗಕ್ಕೆ ಕಟ್ಟಿದ ಹಗ್ಗ ಹಿಡಿದು ಓಟಗಾರ ಓಡುತ್ತಾನೆ. ನೇಗಿಲಿನ ವಿಭಾಗದಲ್ಲಿ ನೇಗಿಲಿನಾಕಾರದ ಹಗುರ ಮರ ಹಿಡಿದು ಓಡುತ್ತಾನೆ. ಉಳಿದೆರಡು ಹಲಗೆಯವು. ಅಡ್ಡಹಲಗೆಯಲ್ಲಿ ಈಸಿನ ತುದಿಗೆ ಅಡ್ಡಲಾಗಿ ಕೂರಿಸಿದ ಅಗಲದ ಹಲಗೆಯ ಮೇಲೆ ನಿಂತು ಸಾಗಬೇಕು. ಕನೆಹಲಗೆಯಲ್ಲಿ ಪಾದ ಊರಲಷ್ಟೇ ಜಾಗವಿರುವ ಕಿರಿದಾದ ಮರದ ತುಂಡು, ಅದರಲ್ಲಿ ರಂಧ್ರಗಳು. ಕೋಣಗಳು ಓಡಿದಂತೆ ಕರೆಯ ನೀರು ಆ ರಂಧ್ರಗಳಿಂದ ಕಾರಂಜಿಯಾಗಿ ಮೇಲೆ ಚಿಮ್ಮುತ್ತದೆ. ಇಲ್ಲಿ ಯಾರು ಮೊದಲು ಮುಟ್ಟಿದರು ಎಂಬುದು ಲೆಕ್ಕಕ್ಕಿಲ್ಲ. ಕರೆಯ ಮೇಲೆ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಅಡ್ಡಕ್ಕೆ ಕಟ್ಟಿದ ನಿಶಾನೆಯ ಬಟ್ಟೆಗೆ ನೀರು ತಾಗಿತೇ ಇಲ್ಲವೇ ಎಂಬುದೊಂದೇ ಪ್ರಶ್ನೆ. ವೇಗವನ್ನು ಗಡಿಯಾರದಿಂದ ಅಳೆಯದೆ ನೀರಿನ ಎತ್ತರದಿಂದ ಅಳೆಯುವ ಆಟ ಇನ್ನೆಲ್ಲಿಯಾದರೂ ಉಂಟೋ ಇಲ್ಲವೋ.

ಹಾಗೆ ಅಳೆಯುವುದರಲ್ಲಿ ಜಾಣತನವೂ ಇದೆ. ನೀರು ಚಿಮ್ಮುವ ಎತ್ತರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಷ್ಟವನ್ನೆಲ್ಲ ಬದಿಗಿಟ್ಟು ಪುಸ್ತಕದ ಲೆಕ್ಕ ಹಾಕಿದರೆ, ಸೆಕೆಂಡಿಗೆ 8 ಮೀಟರ್ ವೇಗಕ್ಕೆ ನೀರು ಸುಮಾರು 3.3 ಮೀಟರ್ ಏರಬಹುದು, 10 ಮೀಟರ್ ವೇಗಕ್ಕೆ 5.1 ಮೀಟರ್. ವೇಗ ಕಾಲು ಭಾಗ ಹೆಚ್ಚಾದರೆ ಎತ್ತರ ಅರ್ಧಕ್ಕಿಂತ ಹೆಚ್ಚೇ ಏರುತ್ತದೆ. ಕಣ್ಣಿಗೆ ಕಾಣದ ಸಣ್ಣ ವ್ಯತ್ಯಾಸವನ್ನು ನೀರು ದೊಡ್ಡದು ಮಾಡಿ ತೋರಿಸುತ್ತದೆ. ಹಲಗೆ ತುಸು ಓರೆಯಾದರೆ, ಪಾದದ ಭಾರ ತಪ್ಪಿದರೆ, ಕಾರಂಜಿ ಕುಸಿಯುತ್ತದೆ. ಹೀಗಾಗಿ ಬಹುಮಾನ ಕೋಣಗಳ ಕಾಲಿಗೆ ಎಷ್ಟೋ, ಹಲಗೆಯ ಮೇಲಿನ ಪಾದಕ್ಕೂ ಅಷ್ಟೇ.

2023ರ ನವೆಂಬರ್ ಕೊನೆಯ ವಾರ ಬೆಂಗಳೂರಿಗೇ ಕಂಬಳ ಬಂತು. ಮೇಖ್ರಿ ವೃತ್ತದ ಪಕ್ಕ, ಆರ್.ಟಿ. ನಗರದಿಂದ ಕೂಗಳತೆಯ ಅರಮನೆ ಮೈದಾನದಲ್ಲಿ 155 ಮೀಟರ್ ಉದ್ದದ ಜೋಡುಕರೆ ತೋಡಿದರು. ಒಂದು ಕರೆಗೆ ರಾಜ, ಇನ್ನೊಂದಕ್ಕೆ ಮಹಾರಾಜ ಎಂದು ಹೆಸರು. ಕೋಣಗಳು ಉಪ್ಪಿನಂಗಡಿಯಿಂದ ಲಾರಿಗಳಲ್ಲಿ ಹೊರಟು, ಘಟ್ಟ ಹತ್ತಿ, ಹಾಸನದಲ್ಲಿ ದಣಿವಾರಿಸಿಕೊಂಡು ಬಂದ ಸುದ್ದಿಯನ್ನು ಪತ್ರಿಕೆಗಳು ಮದುವೆ ದಿಬ್ಬಣದ ಸುದ್ದಿಯಂತೆ ಬರೆದವು. ರಾಜಧಾನಿಯ ನಡುವೆ ಕಂಬಳ ನಡೆದದ್ದು ಅದೇ ಮೊದಲು. ಅಜ್ಜ ಮತ್ತು ಮೊಮ್ಮಗ ಬೆಳಿಗ್ಗೆಯೇ ಹೊರಟರು. ಜನಸಾಗರದಲ್ಲಿ ಕೋಣಗಳಿಗಿಂತ ಮೊದಲು ಕಂಡದ್ದು ತಲೆಗಳು. ಆದರೂ ಮಂಜೊಟ್ಟಿಯ ಬಳಿ, ಎಂದರೆ ಓಟ ಮುಗಿಯುವ ಏರಿನ ಬಳಿ, ಹೇಗೋ ಜಾಗ ಸಿಕ್ಕಿತು.

ಮೊಮ್ಮಗ ಅಲ್ಲಿಯವರೆಗೆ ಕಂಬಳವನ್ನು ಕೋಣಗಳ ಓಟ ಎಂದೇ ತಿಳಿದಿದ್ದ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಉಸೇನ್ ಬೋಲ್ಟನ ಹೆಸರೆತ್ತಿದ್ದು ಅವನಿಗೂ ನೆನಪಿತ್ತು. ಆ ಹೋಲಿಕೆ ಸರಿಯಲ್ಲ. ಒಬ್ಬ ತಾನೇ ಓಡುತ್ತಾನೆ, ಇನ್ನೊಬ್ಬನನ್ನು ಎರಡು ಕೋಣಗಳ ಬಲ ಸೆಳೆಯುತ್ತಿರುತ್ತದೆ. ಆ ಸೆಳೆತಕ್ಕೆ ಹೆಜ್ಜೆ ಹೊಂದಿಸುವುದೇ ಅವನ ವಿದ್ಯೆ. ಆದರೆ ಲೆಕ್ಕದ ಪ್ರಕಾರ ಅದು ಗಂಟೆಗೆ 37 ಕಿಲೋಮೀಟರಿಗೂ ಮೇಲೆ. ಜರ್ಮನಿಯ ಕೆರೆಯ ಮೇಲಿನ ಉಕ್ಕಿನ ಹಗ್ಗಕ್ಕಿಂತ ಕೆಸರಿನ ಕೋಣಗಳು ಚುರುಕು ಎಂದಾಯಿತು. ಅಡ್ಡಹಲಗೆಯ ಮೊದಲ ಜೋಡಿ ನೀರೆಬ್ಬಿಸಿಕೊಂಡು ಬಂದಾಗ ಮಾತ್ರ ಅವನು ಬೇಲಿಯ ಮೇಲೆ ಬಾಗಿ, "ಅಜ್ಜ, ಕಾಲಿಗೆ ಕಟ್ಟಿಲ್ಲ!" ಎಂದು ಕೂಗಿದ. ಅಜ್ಜನಿಗೆ ಅದರಲ್ಲಿ ಕೂಗುವಂಥದ್ದೇನೂ ಕಾಣಲಿಲ್ಲ. ಕಾಲಿಗೆ ಕಟ್ಟಿದರೆ ಬೀಳುವುದು ಹೇಗೆ, ಬೀಳದಿದ್ದರೆ ಉಳಿಯುವುದು ಹೇಗೆ?

ಮನೆಗೆ ಬರುವ ದಾರಿಯಲ್ಲಿ ಇನ್ನೊಂದು ಮಾತೂ ಬಂತು. ಯಂತ್ರದ ಹಗ್ಗಕ್ಕೆ ನೋವಿಲ್ಲ, ಕೋಣಕ್ಕೆ ಇದೆಯಲ್ಲ ಎಂದ ಮೊಮ್ಮಗ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟನ್ನು ನಿಷೇಧಿಸಿದ ಮೇಲೆ ಆ ಪ್ರಶ್ನೆ ಕಂಬಳಕ್ಕೂ ಬಂದು, 2016ರಲ್ಲಿ ಅದು ನಿಂತು, 2017ರ ರಾಜ್ಯದ ತಿದ್ದುಪಡಿಯಿಂದ ಮತ್ತೆ ಶುರುವಾಗಿ, 2023ರ ಮೇ 18ರಂದು ಅದೇ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿದ ಕಥೆ ಎಲ್ಲರಿಗೂ ತಿಳಿದದ್ದೇ. ಅಜ್ಜ ನ್ಯಾಯಾಲಯದ ಮಾತು ಎತ್ತಲಿಲ್ಲ. ತಮ್ಮ ಕಾಲದಲ್ಲಿ ಬಾರುಕೋಲು ಬಿದ್ದದ್ದು ನಿಜ, ಅದರ ಸದ್ದು ಈಗಲೂ ಕಿವಿಯಲ್ಲಿದೆ, ಕಡಿಮೆಯಾದಷ್ಟೂ ಒಳ್ಳೆಯದು ಎಂದರು. ಆಮೇಲೆ, ಗದ್ದೆಯ ಕೋಣಕ್ಕೆ ಟಿಲ್ಲರು ಬಂದ ದಿನವೇ ನೋವೂ ತಪ್ಪಿತು, ಹಟ್ಟಿಯೂ ಖಾಲಿಯಾಯಿತು ಎಂದು ಹೇಳಿ ಸುಮ್ಮನಾದರು. ಎರಡು ಮಾತಿನಲ್ಲಿ ಯಾವುದು ದೊಡ್ಡದು ಎಂದು ಅವರು ಹೇಳಲೂ ಇಲ್ಲ, ಮೊಮ್ಮಗ ಕೇಳಲೂ ಇಲ್ಲ.

ಕಂಬಳದ ಗುಂಗಿನಲ್ಲಿ ಮೊಮ್ಮಗನಿಗೆ ತನ್ನ ಹಲಗೆಯನ್ನು ನೀರಿಗಿಳಿಸುವ ಹುಚ್ಚು ಏರಿತು. ಉತ್ತರ ಬೆಂಗಳೂರಿನಲ್ಲಿ ಕೆರೆಗಳಿಗೆ ಕೊರತೆಯೇ? ಕೆಂಪೇಗೌಡರ ಕಾಲದ್ದೆಂದು ಹೇಳುವ ಹೆಬ್ಬಾಳದ ಕೆರೆ ಇದೆ, ಯಲಹಂಕದ್ದು ಮನೆಯ ಹಿತ್ತಲಲ್ಲೇ ಇದ್ದಂತೆ, ಜಕ್ಕೂರಿನದು ವಿಶಾಲ, ರಾಚೇನಹಳ್ಳಿಯದು ಅದರ ನೆರೆ. ಅವನು ಒಂದು ಭಾನುವಾರ ಸ್ಕೂಟರಿನಲ್ಲಿ ಎಲ್ಲವನ್ನೂ ಸುತ್ತಿ ಬಂದ. ಹೆಬ್ಬಾಳದಲ್ಲಿ ಮೇಲ್ಸೇತುವೆಯ ಮೇಲಿನ ವಾಹನಗಳೇ ನೀರಿಗಿಂತ ಹೆಚ್ಚು ಹರಿಯುತ್ತಿದ್ದವು. ಯಲಹಂಕದ ಪುಟ್ಟೇನಹಳ್ಳಿ ಕೆರೆ ಹಕ್ಕಿಗಳಿಗೆಂದು ಮೀಸಲಾದ ಜಾಗ, ಬಣ್ಣದ ಕೊಕ್ಕರೆಗಳ ಬಾಣಂತನ ಕೆಡಿಸಲು ಯಾರಿಗೂ ಅಧಿಕಾರವಿಲ್ಲ. ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದಿಂದ ಹೊರಟ ನೀರು ಜೌಗುಗಿಡಗಳ ನಡುವೆ ಸೋಸಿಕೊಂಡು ಕೆರೆಗೆ ಇಳಿಯುತ್ತದೆ. ಅಲ್ಲಿ ಹೆಜ್ಜಾರ್ಲೆಗಳೂ ಬಲೆ ಬೀಸುವ ಮೀನುಗಾರರೂ ಬದುಕುತ್ತಾರೆ. ಅವರ ಹರಿಗೋಲಿನ ನಡುವೆ ಮೋಟಾರಿನ ಹಗ್ಗ ಎಳೆಯುವುದು ಅನ್ನಕ್ಕೆ ಕಲ್ಲು ಹಾಕಿದಂತೆ. ಈ ಕೆರೆಗಳ ಕಣಿವೆಯ ಕೊಳಚೆಯನ್ನೇ ಸಂಸ್ಕರಿಸಿ ಹೆಬ್ಬಾಳ-ನಾಗವಾರ ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಕಳಿಸುತ್ತಾರೆ. ಅದು ಅಂತರ್ಜಲಕ್ಕೆ ಒದಗೀತು, ಬಾಯಿ ತೆರೆದುಕೊಂಡು ಬೀಳುವವನಿಗಲ್ಲ.

"ನಿಲ್ಲುವುದು ಇರಲಿ, ಬಿದ್ದರೆ ಎಲ್ಲಿ ಬೀಳುತ್ತಿ?" ಎಂದು ಅಜ್ಜ ಕೇಳಿದ್ದು ಆ ರಾತ್ರಿ. ವೇಕ್‌ಸ್ಕೇಟಿನಲ್ಲಿ ಬೀಳುವುದು ಅಪಘಾತವಲ್ಲ, ಪಾಠಪಟ್ಟಿ. ಒಂದು ಗಂಟೆಯ ಅಭ್ಯಾಸದಲ್ಲಿ ನಲವತ್ತು ಸಲ ಬೀಳುವುದು ಸಹಜ. ನೀರು ಶುದ್ಧವಾಗಿರಬೇಕು, ಅಡಿಯಲ್ಲಿ ಕಬ್ಬಿಣ-ಗಾಜು ಇರಬಾರದು, ಬಿದ್ದವನನ್ನು ಎತ್ತಲು ಜನ ಬೇಕು. ಈ ಮೂರು ಮಾತಿಗೆ ಹೂಂ ಎನ್ನುವ ನೀರು ಊರಿನ ಉತ್ತರಕ್ಕೆ ಇರಲಿಲ್ಲ. ಅವನು ಅಪಾರ್ಟ್‌ಮೆಂಟಿನ ಈಜುಕೊಳದ ಕಡೆಗೂ ಒಮ್ಮೆ ಕಣ್ಣು ಹಾಯಿಸಿದ. 2024ರ ಮಾರ್ಚ್ ಬಂತು. ಕೊಳವೆಬಾವಿಗಳು ಒಣಗಿದವು, ಟ್ಯಾಂಕರಿನ ಹಿಂದೆ ಬಿಂದಿಗೆಗಳು ಸಾಲುಗಟ್ಟಿದವು. ಕಾವೇರಿಯ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು, ಈಜುಕೊಳಗಳಿಗೂ ಕುಡಿಯುವ ನೀರು ಹಾಕಕೂಡದೆಂದಿತು. ಹಲಗೆ ಮತ್ತೆ ಅಟ್ಟ ಹತ್ತಿತು.

ಅದೇ ತಿಂಗಳು ಮನೆಯಲ್ಲಿ ಇನ್ನೊಂದು ತೀರ್ಮಾನವಾಯಿತು. ಹಳೆಯ ಮನೆ ಬಿಟ್ಟು ಜಕ್ಕೂರಿನ ಕಡೆ ಹನ್ನೊಂದನೆಯ ಮಹಡಿಗೆ ಹೋಗುವುದು. ಹೊಸ ಮನೆಯಲ್ಲಿ ಅಟ್ಟವಿಲ್ಲ. ಆರು ಅಡಿ ಉದ್ದದ ಹಲಸಿನ ಹಲಗೆಯನ್ನು ಲಿಫ್ಟಿನಲ್ಲಿ ನಿಲ್ಲಿಸಬಹುದು, ಆದರೆ ಮೇಲೆ ಒಯ್ದು ಮಾಡುವುದೇನು? ಹಳೆಯ ಮರದ ವ್ಯಾಪಾರಿ ಬಂದು ನೋಡಿ, ಟೀಪಾಯಿ ಮಾಡಿಕೊಡುವ ಮಾತಾಡಿದ. ಮಗನಿಗೂ ಸೊಸೆಗೂ ಅದು ಒಪ್ಪಿಗೆಯೇ ಆಯಿತು. ಅಜ್ಜ ಬೇಡವೆನ್ನಲಿಲ್ಲ. ಜೂನಿನವರೆಗೆ ಇರಲಿ ಎಂದರು.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಅಜ್ಜ, ಮೊಮ್ಮಗ, ಎರಡು ಹಲಗೆ ನಾಲ್ವರೂ ಊರಿಗೆ ಹೋದರು. ತಮ್ಮನ ಮಕ್ಕಳ ಪಾಲಿನ ಒಂದು ದೊಡ್ಡ ಗದ್ದೆ ಇನ್ನೂ ಗದ್ದೆಯಾಗಿಯೇ ಉಳಿದಿತ್ತು. ಟಿಲ್ಲರು ಒಂದು ಸುತ್ತು ಹಾಕಿತ್ತು, ಮೊಣಕಾಲಿಗಿಂತ ಕೆಳಗೆ ಕೆಂಪುನೀರು ನಿಂತಿತ್ತು. ಎಳೆಯಲು ಕೋಣಗಳಿರಲಿಲ್ಲ, ಮೋಟಾರೂ ಇರಲಿಲ್ಲ. ಬಂಧುಬಳಗದ ಎಂಟು ಹುಡುಗರು ಉದ್ದ ಹಗ್ಗ ಹಿಡಿದು ಬದುವಿನ ಮೇಲೆ ಓಡಲು ಸಿದ್ಧರಾದರು.

ಮೊದಲು ಮೇಪಲ್ ಹಲಗೆ. ರೆಕ್ಕೆಗಳು ಕೆಸರಿಗೆ ಕಚ್ಚಿ, ಹುಡುಗ ಹಗ್ಗದೊಂದಿಗೆ ಮುಂದಕ್ಕೆ ಹಾರಿ ಬಿದ್ದ. ರೆಕ್ಕೆ ಬಿಚ್ಚಿ ಮತ್ತೆ ನಿಂತ. ಎರಡನೆಯ ಸಲ ಎಂಟೂ ಜನ ಒಟ್ಟಿಗೆ ಓಡಿದರು. ಹಲಗೆ ಒಂದು ಕ್ಷಣ ತಡವರಿಸಿ, ಮೂತಿ ಎತ್ತಿ, ನೀರಿನ ಮೇಲಕ್ಕೆದ್ದು, ಇಪ್ಪತ್ತು ಮಾರು ಸದ್ದಿಲ್ಲದೆ ಜಾರಿತು. ರೆಕ್ಕೆಯಿಲ್ಲದ್ದರಿಂದ ಕೊನೆಗೆ ಪಕ್ಕಕ್ಕೆ ತಿರುಗಿ ಅವನನ್ನು ಕೆಡವಿತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯ ಹರಿಗೋಲುಗಳು ನೇರ ಹೋಗಲಾರದೆ ಸುತ್ತುತ್ತಲೇ ಇರುತ್ತವೆ ಎಂದು ಬರೆದಿದ್ದಾನೆ. ಹಿಡಿದು ನಿಲ್ಲಿಸುವ ಅಂಚೋ ರೆಕ್ಕೆಯೋ ಇಲ್ಲದ ಎಲ್ಲ ವಾಹನದ ಗುಣವೂ ಅದೇ. ಮೂರನೆಯ ಸಲವೂ ಬಿದ್ದ. ಆದರೆ ಕೆಸರಿನಲ್ಲಿ ಬಿದ್ದದ್ದಕ್ಕೆ ಗಾಯವಿಲ್ಲ, ನಗು ಮಾತ್ರ.

ಆಮೇಲೆ ಅಜ್ಜನ ಹಲಗೆ. ಇದರಲ್ಲಿ ಹಗ್ಗ ಕೈಗಲ್ಲ, ಹಲಗೆಗೇ ಕಟ್ಟಬೇಕು. ಮೊಮ್ಮಗ ಅಭ್ಯಾಸದಂತೆ ಹಿಂದಕ್ಕೆ ವಾಲಿ ನಿಂತ. ಹುಡುಗರು ಎಳೆದ ತಕ್ಷಣ ಹಲಗೆ ಮುಂದೆ ಹೋಯಿತು, ಅವನು ಅಂಗಾತ ಹಿಂದೆ ಉಳಿದ. ಎರಡನೆಯ ಸಲವೂ ಅದೇ, ಮೂರನೆಯ ಸಲವೂ ಅದೇ. ಜರ್ಮನಿಯ ಎರಡು ವರ್ಷದ ವಿದ್ಯೆ ಇಲ್ಲಿ ತಲೆಕೆಳಗಾದದ್ದಕ್ಕೆ ಕಾರಣ ಉಂಟು. ವೇಕ್‌ಸ್ಕೇಟಿನಲ್ಲಿ ಹಗ್ಗ ಕೈಯನ್ನು ಎಳೆಯುತ್ತದೆ, ನೀರು ಹಲಗೆಯನ್ನು ಹಿಂದಕ್ಕೆ ಹಿಡಿಯುತ್ತದೆ. ಮೇಲಿನ ದೇಹ ಮುಂದೆ, ಕೆಳಗಿನ ಕಾಲು ಹಿಂದೆ. ಸಂತೆಯಲ್ಲಿ ತಾಯಿ ಕೈಹಿಡಿದು ದರದರ ಎಳೆದ ಮಗುವಿನ ಸ್ಥಿತಿ ಅದು, ಮುಗ್ಗರಿಸದಿರಬೇಕಾದರೆ ಹಿಂದಕ್ಕೆ ವಾಲಬೇಕು. ಗದ್ದೆಯ ಹಲಗೆಯಲ್ಲಿ ಎಳೆತ ಇರುವುದು ಕಾಲ ಕೆಳಗೆ. ಮೇಖ್ರಿ ವೃತ್ತದ ಸಿಗ್ನಲ್ಲಿನಲ್ಲಿ ನಿಂತ ಬಸ್ಸು ತಟ್ಟನೆ ಹೊರಟಾಗ ಒಳಗೆ ನಿಂತವರ ಸ್ಥಿತಿ. ಕಾಲು ಬಸ್ಸಿನೊಂದಿಗೆ ಹೋಗುತ್ತದೆ, ತಲೆ ಮಾತ್ರ ಸಿಗ್ನಲ್ಲಿನಲ್ಲೇ ಉಳಿಯಲು ನೋಡುತ್ತದೆ. ಇಲ್ಲಿ ಮುಂದಕ್ಕೆ ಬಾಗಬೇಕು, ಕೈಗೊಂದು ಆಸರೆ ಬೇಕು. ಕಂಬಳದವರು ಕೋಣದ ಬಾಲವನ್ನೋ ಹಗ್ಗವನ್ನೋ ಹಿಡಿಯುವುದು ಅದಕ್ಕೇ. ಎರಡೂ ಒದ್ದೆ ಹಲಗೆ, ಎರಡರಲ್ಲೂ ಕಾಲಿಗೆ ಕಟ್ಟಿಲ್ಲ. ಆದರೆ ಒಂದರಲ್ಲಿ ಮನುಷ್ಯ ಹಲಗೆಯನ್ನು ಒಯ್ಯುತ್ತಾನೆ, ಇನ್ನೊಂದರಲ್ಲಿ ಹಲಗೆ ಮನುಷ್ಯನನ್ನು ಒಯ್ಯುತ್ತದೆ.

ಅಜ್ಜ ಪಂಚೆ ಎತ್ತಿಕಟ್ಟಿ ಗದ್ದೆಗಿಳಿದರು. ಎಪ್ಪತ್ತೆಂಟರ ವಯಸ್ಸಿಗೆ ಹತ್ತಲು ಹೋಗಲಿಲ್ಲ. ಒಂದು ಪಾದವನ್ನು ಹಲಗೆಯ ನಡುವಿಗಿಂತ ಸ್ವಲ್ಪ ಹಿಂದೆ ಊರಿ, ಭಾರ ಎಲ್ಲಿ ಬೀಳಬೇಕೆಂದು ತೋರಿಸಿದರು. ಮುಂದೆ ಬಿದ್ದರೆ ಮೂತಿ ಕೆಸರು ತಿನ್ನುತ್ತದೆ, ತೀರಾ ಹಿಂದೆ ಬಿದ್ದರೆ ಹಲಗೆ ಮಣ್ಣನ್ನು ಮುಟ್ಟದೆ ಗದ್ದೆ ಉಬ್ಬುತಗ್ಗಾಗಿಯೇ ಉಳಿಯುತ್ತದೆ. "ಇದರ ಮೇಲೆ ನಿಂತವ ಸವಾರನಲ್ಲ ಮಗಾ, ಭಾರ" ಎಂದರು. ಗದ್ದೆಯ ಹಲಗೆಯ ಸತ್ಯ ಅದೇ. ಮೇಲೆ ಮನುಷ್ಯ ನಿಲ್ಲುವುದು ಮೋಜಿಗಲ್ಲ, ಮಣ್ಣು ಸಮವಾಗಲಿ, ನೇಜಿಯ ಬೇರಿಗೆ ಎಲ್ಲ ಕಡೆ ಒಂದೇ ಆಳದ ನೀರು ಸಿಗಲಿ ಎಂದು. ಆ ಕೆಲಸದ ನಡುವೆ ನೀರು ಚಿಮ್ಮಿದ್ದನ್ನು ನೋಡಿ ಯಾರಿಗೋ ಖುಷಿಯಾಗಿರಬೇಕು, ಇನ್ನೂ ಎತ್ತರಕ್ಕೆ ಚಿಮ್ಮಿಸುತ್ತೇನೆ ಎಂದು ಯಾರೋ ಪಂಥ ಕಟ್ಟಿರಬೇಕು. ಕೆಲಸ ಮುಗಿದರೂ ಪಂಥ ಉಳಿಯಿತು.

ಐದು ಸಲ ಬಿದ್ದ ಮೇಲೆ ಆರನೆಯ ಸಲ ಮೊಮ್ಮಗ ನಿಂತ. ಬಾಗಿ, ಹಗ್ಗದ ಮೇಲೆ ಒಂದು ಕೈ ಇಟ್ಟು, ಗದ್ದೆಯ ಈ ಬದುವಿನಿಂದ ಆ ಬದುವಿನವರೆಗೆ ಹೋದ. ಮೇಪಲ್ ಹಲಗೆಯಂತೆ ಅದು ಜಾರಲಿಲ್ಲ, ಉಜ್ಜಿಕೊಂಡು ಹೋಯಿತು. ವೇಗ ಅರ್ಧಕ್ಕರ್ಧ ಕಡಿಮೆ. ಆದರೆ ಎಂಟು ಜನರ ಎಳೆತ ಅಂಗಾಲಿನಲ್ಲಿ ಪೂರ್ತಿ ತಿಳಿಯುತ್ತಿತ್ತು ಎಂದ. ಹಿಂದಿರುಗಿ ನೋಡಿದರೆ ಅವನು ಹೋದ ಜಾಡಿನಲ್ಲಿ ಒಂದು ಮಾರಗಲದ ಕೆಸರು ಕನ್ನಡಿಯಂತೆ ಸಮವಾಗಿತ್ತು. ಮೇಪಲ್ ಹಲಗೆ ಹೋದ ಜಾಡು ಆಗಲೇ ಮುಚ್ಚಿಹೋಗಿತ್ತು.

ಹಲಸಿನ ಹಲಗೆ ಟೀಪಾಯಿಯಾಗಲಿಲ್ಲ. ಊರಿನಲ್ಲೇ ಉಳಿಯಿತು. ಟಿಲ್ಲರು ಮುಟ್ಟದ ಮೂಲೆಗಳನ್ನು ಸಮಮಾಡಲು ಬರುತ್ತದೆ ಎಂದು ತಮ್ಮನ ಮಗ ಅದನ್ನು ಹಟ್ಟಿಯ ಮಾಡಿಗೆ ಸಿಕ್ಕಿಸಿದ. ಮೇಪಲ್ ಹಲಗೆ ಜಕ್ಕೂರಿನ ಹನ್ನೊಂದನೆಯ ಮಹಡಿಯಲ್ಲಿ, ಕೆರೆ ಕಾಣುವ ಕಿಟಕಿಯ ಪಕ್ಕ ನಿಂತಿದೆ. ಅದರ ಅಂಚಿನಲ್ಲಿ ಒಂದು ಕಡೆ ಪದರ ಬಿಟ್ಟಿದೆ, ಸಂದಿನಲ್ಲಿ ಊರಿನ ಕೆಮ್ಮಣ್ಣು ಒಣಗಿ ಕೂತಿದೆ. ಸೊಸೆ ಒರೆಸಲು ಹೋದಾಗ ಅದನ್ನು ಬಿಟ್ಟು ಒರೆಸು ಎಂದು ಹುಡುಗ ಹೇಳುತ್ತಾನೆ.

ಮುಂದಿನ ಮಳೆಗಾಲಕ್ಕೂ ಬರುತ್ತೇನೆ, ಈ ಸಲ ಉದ್ದನೆಯ ಹಗ್ಗ ತರುತ್ತೇನೆ ಎಂದು ಅವನು ದೀಪಾವಳಿಯ ಹೊತ್ತಿಗೇ ಊರಿಗೆ ಫೋನು ಮಾಡಿದ. ಬರಬೇಕು, ಹುಡುಗರೆಲ್ಲ ಕೇಳುತ್ತಿದ್ದಾರೆ ಎಂದು ಆ ಕಡೆಯಿಂದ ಉತ್ತರ ಬಂತು. ಕೂಲಿಗೆ ಜನ ಸಿಗದ ಕಾರಣ ಗದ್ದೆಯ ಮೇಲಿನ ಅರ್ಧಕ್ಕೆ ಅಡಿಕೆ ಸಸಿ ಇಡುವ ಮಾತು ನಡೆದಿದೆ ಎಂಬ ಸುದ್ದಿಯೂ ಅದರ ಜೊತೆಗೇ ಬಂತು. ಕೆಳಗಿನ ಅರ್ಧ ಸದ್ಯಕ್ಕೆ ಹಾಗೆಯೇ ಇರುತ್ತದಂತೆ. ಅಜ್ಜ ಪಕ್ಕದಲ್ಲೇ ಕುಳಿತು ಕೇಳುತ್ತಿದ್ದವರು, ಉದ್ದನೆಯ ಹಗ್ಗ ಬೇಡ, ಇದ್ದದ್ದೇ ಸಾಕಾದೀತು ಎಂದರು.